ಅಕ್ಷರ ಪರದೆಯ ಅಂಚೆ: ಮಂಡ್ಯ ಸೀಮೆಯ ಬಳಕೆಗೆ ಒಂದು ಮೌಲ್ಯಮಾಪನ

ಚಿತ್ರ, ಗುಂಡಿ, ಕಿಟಕಿಗಳ ಹಂಗಿಲ್ಲದೆ ಬರಿಯ ಅಕ್ಷರಗಳ ಪರದೆಯಲ್ಲಿ, ಕೀಲಿಮಣೆಯೊಂದನ್ನೇ ಬಳಸಿ ಇಮೇಲ್ ಓದುವ, ಬರೆಯುವ, ವಿಂಗಡಿಸಿಡುವ ತಂತ್ರಾಂಶಗಳದ್ದೊಂದು ಹಳೆಯ ವಂಶವಿದೆ. 1986ರಲ್ಲಿ ಡೇವ್ ಟೇಲರ್ ಬರೆದ ಎಲ್ಮ್, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಕೆಲಸ ಆರಂಭವಾದ ಪೈನ್, 1995ರಲ್ಲಿ ಮೈಕೆಲ್ ಎಲ್ಕಿನ್ಸ್ ರೂಪಿಸಿದ ಮಟ್, ಪೈನ್‌ನ ಉತ್ತರಾಧಿಕಾರಿಯಾಗಿ 2007ರಲ್ಲಿ ಹೊರಬಂದ ಅಲ್ಪೈನ್ ಈ ವಂಶದ ಮುಖ್ಯ ಹೆಸರುಗಳು. ಬ್ರೌಸರ್‌ನಲ್ಲಿಯೋ ಮೊಬೈಲಿನಲ್ಲಿಯೋ ಮೇಲ್ ನೋಡಿ ರೂಢಿಯಾದವರಿಗೆ ಇವು ಕಾಲ ಮೀರಿದ ಸಾಧನಗಳಾಗಿ ಕಾಣಬಹುದಾದರೂ, ಮಟ್ ಮತ್ತು ಅಲ್ಪೈನ್‌ಗಳ ಪರಿಷ್ಕರಣೆ ಇಂದಿಗೂ ನಡೆಯುತ್ತಲೇ ಇದೆ, ಲಿನಕ್ಸ್ ಗಣಕಗಳಲ್ಲಿ ಅವು ಉಚಿತವಾಗಿ ದೊರೆಯುತ್ತವೆ, ಹಳೆಯ ಗಣಕದಲ್ಲಿಯೂ ತಡವರಿಸದೆ ನಡೆಯುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿಯಂತಹ ಊರುಗಳಲ್ಲಿ ಕುಳಿತು ಕನ್ನಡದಲ್ಲಿ ಪತ್ರವ್ಯವಹಾರ ಮಾಡುವವರಿಗೆ ಇವು ಎಷ್ಟು ಒದಗಿಬರುತ್ತವೆ ಎಂಬುದು ಇಲ್ಲಿನ ಪ್ರಶ್ನೆ. ಪತ್ರದ ಪ್ರತಿಯನ್ನು ಬಳಸುವವರ ಕೈಗೇ ಒಪ್ಪಿಸುವುದು ಇವುಗಳ ದೊಡ್ಡ ಗುಣ. ಕನ್ನಡ ಲಿಪಿಯನ್ನು ನೆಟ್ಟಗೆ ತೋರಿಸಲಾಗದಿರುವುದು ಇವುಗಳ ದೊಡ್ಡ ದೋಷ. ಮೊದಲನೆಯದನ್ನು ಹೊಗಳುವವರು ಎರಡನೆಯದನ್ನು ಗಮನಿಸಿದ್ದು ಕಡಿಮೆ.

ಇಮೇಲ್ ಎಂಬುದು ಇರುವುದೆಲ್ಲಿ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಒಬ್ಬರಿಗೆ ಬಂದ ಪತ್ರ ಮೊದಲು ಸೇವೆ ನೀಡುವ ಸಂಸ್ಥೆಯ ಸರ್ವರ್‌ನಲ್ಲಿ, ಅಂದರೆ ಎಲ್ಲೋ ದೂರದಲ್ಲಿ ಸದಾ ಚಾಲೂ ಇರುವ ಗಣಕದಲ್ಲಿ, ಬಂದು ಕೂರುತ್ತದೆ. ಅದನ್ನು ಅಲ್ಲಿಂದ ತರುವುದಕ್ಕೆ ಎರಡು ವಿಧಾನಗಳು ರೂಢಿಯಲ್ಲಿವೆ. ಪಾಪ್ ಎಂಬ ವಿಧಾನದಲ್ಲಿ ಪತ್ರವನ್ನು ತಮ್ಮ ಗಣಕಕ್ಕೆ ಇಳಿಸಿಕೊಳ್ಳಲಾಗುತ್ತದೆ, ಆಮೇಲೆ ಸರ್ವರ್‌ನಲ್ಲಿ ಅದು ಉಳಿಯದೆಯೂ ಇರಬಹುದು. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್ ಎಂಬ ವಿಧಾನದಲ್ಲಿ ಪತ್ರ ಸರ್ವರ್‌ನಲ್ಲಿಯೇ ಇರುತ್ತದೆ, ಓದುವವರು ದೂರದಿಂದಲೇ ಅದನ್ನು ತೆರೆದು ನೋಡುತ್ತಾರೆ, ಓದಿದ್ದು, ಉತ್ತರಿಸಿದ್ದು, ಅಳಿಸಿದ್ದು ಎಂಬ ಗುರುತುಗಳೂ ಅಲ್ಲಿಯೇ ದಾಖಲಾಗುತ್ತವೆ. ಈ ಎರಡರ ನಡುವಿನ ಅಂತರ ಮಂಡ್ಯ ಜಿಲ್ಲೆಯವರಿಗೆ ನಾಲೆ ಮತ್ತು ಕೆರೆಗಳ ಅಂತರದಷ್ಟೇ ಪರಿಚಿತವಾದುದು: ಕನ್ನಂಬಾಡಿಯಲ್ಲಿ ನೀರು ತುಂಬಿದ್ದರೂ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಅದು ತಲುಪುವುದು ತಡವಾಗಿ, ಕೆಲವೊಮ್ಮೆ ತಲುಪುವುದೇ ಇಲ್ಲ, ಆಗ ಊರಿನ ಕೆರೆಯಲ್ಲಿ ನಿಲ್ಲಿಸಿಕೊಂಡ ನೀರೇ ಆಸರೆ. ದೂರದ ಸರ್ವರ್ ಎಷ್ಟೇ ದೊಡ್ಡದಿರಲಿ, ಸಂಪರ್ಕ ಕಡಿದ ಹೊತ್ತಿನಲ್ಲಿ ಕೈಗೆ ಸಿಕ್ಕುವುದು ಸ್ವಂತ ಗಣಕದಲ್ಲಿ ಉಳಿಸಿಕೊಂಡ ಪ್ರತಿ ಮಾತ್ರ.

ಕರ್ನಾಟಕದಲ್ಲಿ ಇಮೇಲ್ ಬಳಕೆ ಶುರುವಾದದ್ದೇ ಅಕ್ಷರ ಪರದೆಯಿಂದ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಆರಂಭಿಸಿದ ಎರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಕೇಂದ್ರವಾಗಿತ್ತು. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ತನ್ನ ಸೇವೆಯನ್ನು ತೆರೆದಾಗ. ಅದರ ಅಗ್ಗದ ಖಾತೆಗೆ ಶೆಲ್ ಖಾತೆ ಎಂದು ಹೆಸರು. ಮೋಡೆಮ್‌ನ ಮೂಲಕ ದೂರವಾಣಿ ಕರೆ ಮಾಡಿದರೆ ಗ್ರಾಹಕರ ಎದುರಿಗೆ ಬರುತ್ತಿದ್ದುದು ಅಕ್ಷರಗಳ ಪರದೆ, ಅದರಲ್ಲಿ ಮೇಲ್ ಓದಲು ಪೈನ್, ಜಾಲತಾಣ ನೋಡಲು ಲಿಂಕ್ಸ್. ಸೆಕೆಂಡಿಗೆ 9,600 ಬಿಟ್ ಸಾಗಿಸುವ ಮೋಡೆಮ್‌ನಲ್ಲಿ 24 ಸಾಲು, 80 ಅಂಕಣದ ಇಡೀ ಪರದೆ ತುಂಬಲು ಎರಡು ಸೆಕೆಂಡು ಸಾಕಾಗುತ್ತಿತ್ತು, ಚಿತ್ರವೊಂದು ಇಳಿಯಲು ನಿಮಿಷಗಳೇ ಬೇಕಾಗುತ್ತಿದ್ದ ಕಾಲದಲ್ಲಿ ಅದು ಸಣ್ಣ ಅನುಕೂಲವೇನಲ್ಲ. ಸೇವಾಕೇಂದ್ರವಿಲ್ಲದ ಊರಿನವರು ಎಸ್‌ಟಿಡಿ ದರ ತೆತ್ತು ದೂರದ ನಗರಕ್ಕೆ ಕರೆ ಮಾಡಬೇಕಾಗಿದ್ದುದರಿಂದ ಬೆಂಗಳೂರಿನಿಂದ ನೂರು ಕಿಲೋಮೀಟರ್‌ನಷ್ಟು ದೂರದ ಮಂಡ್ಯಕ್ಕೂ, ರೈಲಿನ ಹಾದಿಯೂ ಇಲ್ಲದ ಮಳವಳ್ಳಿಗೂ ಆ ಸೇವೆ ಬೆಂಗಳೂರಿನವರಿಗೆ ದಕ್ಕಿದಷ್ಟು ಸುಲಭವಾಗಿ ದಕ್ಕಲಿಲ್ಲ. 1962ರಲ್ಲಿ ಸ್ಥಾಪನೆಯಾದ ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜಿನಿಂದ ಹೊರಬಂದು ಬೆಂಗಳೂರು ಸೇರಿದ ಆ ತಲೆಮಾರಿನ ಪದವೀಧರರು ಇಮೇಲ್ ಕಲಿತದ್ದು ಪೈನ್‌ನಂತಹ ತಂತ್ರಾಂಶಗಳ ಕಾಲದಲ್ಲಿಯೇ.

ಪೈನ್‌ನ ಇಂದಿನ ರೂಪವಾದ ಅಲ್ಪೈನ್ ಹೊಸಬರೊಡನೆ ಅತ್ಯಂತ ಸೌಜನ್ಯದಿಂದ ನಡೆದುಕೊಳ್ಳುವ ತಂತ್ರಾಂಶ. ಪರದೆಯ ಕೆಳಗಿನ ಎರಡು ಸಾಲುಗಳಲ್ಲಿ ಆ ಹೊತ್ತಿಗೆ ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂಬುದು ಸದಾ ಬರೆದೇ ಇರುತ್ತದೆಯಾದ್ದರಿಂದ ಕೈಪಿಡಿಯನ್ನು ಕಂಠಪಾಠ ಮಾಡಬೇಕಾದ ಪ್ರಮೇಯವಿಲ್ಲ. ಸ್ವಂತ ಗಣಕದ ಫೋಲ್ಡರ್‌ಗಳು ಒಂದು ಗುಂಪಾಗಿ, ದೂರದ ಸರ್ವರ್‌ನ ಫೋಲ್ಡರ್‌ಗಳು ಇನ್ನೊಂದು ಗುಂಪಾಗಿ ಒಂದೇ ಪಟ್ಟಿಯಲ್ಲಿ ಕೆಳಗೆ ಮೇಲೆ ಕಾಣುತ್ತವೆ, ಒಂದರಿಂದ ಇನ್ನೊಂದಕ್ಕೆ ಪತ್ರವನ್ನು ಸಾಗಿಸಲು ಒಂದೇ ಕೀಲಿ ಸಾಕು. ಈ ವಿನ್ಯಾಸದ ಬೆಲೆಯನ್ನು ಕಡಿಮೆಯಾಗಿ ಎಣಿಸಬಾರದು. ಪತ್ರ ಎಲ್ಲಿದೆ ಎಂಬುದನ್ನು ಇಂದಿನ ಬಹುಪಾಲು ಮೇಲ್ ಸೇವೆಗಳು ಬಳಸುವವರಿಂದ ಮರೆಮಾಚುತ್ತವೆ, ಅಲ್ಪೈನ್ ಅದನ್ನು ಕಣ್ಣೆದುರಿಗೆ ಇಡುತ್ತದೆ. ಸಹಕಾರ ಸಂಘವೊಂದರ ಕಾರ್ಯದರ್ಶಿಯೋ ಕಾಲೇಜಿನ ಕಚೇರಿ ಸಿಬ್ಬಂದಿಯೋ ವರ್ಷಾಂತ್ಯದಲ್ಲಿ ಹಳೆಯ ಪತ್ರಗಳನ್ನೆಲ್ಲ ಸರ್ವರ್‌ನಿಂದ ತಮ್ಮ ಗಣಕಕ್ಕೆ ಇಳಿಸಿ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕೆಂದಿದ್ದರೆ ಇದಕ್ಕಿಂತ ನೇರವಾದ ದಾರಿ ಕಡಿಮೆ.

ಮಟ್ ಇನ್ನೊಂದು ಸ್ವಭಾವದ್ದು. ಅದು ತಾನಾಗಿ ಏನನ್ನೂ ಹೇಳಿಕೊಡುವುದಿಲ್ಲ. ಬಳಸುವವರೇ ಒಂದು ಸಂಯೋಜನಾ ಕಡತವನ್ನು ಬರೆದು, ಯಾವ ಖಾತೆ ಎಲ್ಲಿದೆ, ಯಾವ ಫೋಲ್ಡರ್ ತೆರೆದಾಗ ಯಾವ ವಿಳಾಸದಿಂದ ಉತ್ತರ ಹೋಗಬೇಕು, ಪಟ್ಟಿಯಲ್ಲಿ ಏನೇನು ಕಾಣಬೇಕು ಎಂಬುದನ್ನು ವಿಧಿಸಬೇಕು. ಈ ಶ್ರಮವನ್ನು ಒಮ್ಮೆ ಮಾಡಿದವರಿಗೆ ಅದು ಕೊಡುವ ಹಿಡಿತ ಅಪಾರವಾದುದು: ಒಬ್ಬರೇ ಕಳಿಸಿದ, ಒಂದು ವರ್ಷಕ್ಕಿಂತ ಹಳೆಯದಾದ, ಲಗತ್ತು ಇರುವ ಪತ್ರಗಳನ್ನು ಮಾತ್ರ ಒಂದೇ ಸಾಲಿನ ಆಜ್ಞೆಯಿಂದ ಹೆಕ್ಕಿ, ಗುರುತು ಹಾಕಿ, ಒಟ್ಟಿಗೆ ಬೇರೆ ಫೋಲ್ಡರ್‌ಗೆ ಸಾಗಿಸಬಹುದು. ಆದರೆ ಇದೇ ಹುಡುಕಾಟ ದೂರದ ಫೋಲ್ಡರ್‌ನಲ್ಲಿ ನಡೆದರೆ ಒಂದು ತೊಡಕಿದೆ. ಪತ್ರದ ಒಡಲಿನಲ್ಲಿ ಒಂದು ಪದವನ್ನು ಹುಡುಕಲು ಸಾಮಾನ್ಯ ರೀತಿಯಲ್ಲಿ ಕೇಳಿದರೆ ಮಟ್ ಪ್ರತಿಯೊಂದು ಪತ್ರವನ್ನೂ ಸರ್ವರ್‌ನಿಂದ ಎಳೆದು ತಂದು ತಾನೇ ಓದುತ್ತದೆ, ಅದೇ ಆಜ್ಞೆಯ ಮೊದಲ ಚಿಹ್ನೆಯನ್ನು ಬದಲಿಸಿ ಕೇಳಿದರೆ ಹುಡುಕುವ ಕೆಲಸವನ್ನು ಸರ್ವರ್‌ಗೇ ಒಪ್ಪಿಸಿ ಫಲಿತಾಂಶವನ್ನು ಮಾತ್ರ ತರುತ್ತದೆ. ನಿಧಾನವಾದ ಸಂಪರ್ಕದಲ್ಲಿ ಮೊದಲನೆಯದು ಗಂಟೆಗಟ್ಟಲೆ ಕಾಯಿಸಿದರೆ ಎರಡನೆಯದು ಕ್ಷಣದಲ್ಲಿ ಮುಗಿಯಬಹುದು. ಇಂತಹ ವ್ಯತ್ಯಾಸವನ್ನು ಒಂದು ಚಿಹ್ನೆಯಲ್ಲಿ ಅಡಗಿಸಿ, ಅದನ್ನು ಕೈಪಿಡಿ ಓದಿದವರಿಗೆ ಮಾತ್ರ ತಿಳಿಯುವಂತೆ ಇಟ್ಟಿರುವುದು ಮಟ್‌ನ ವಿನ್ಯಾಸದ ನಿಜವಾದ ಲೋಪವೇ ಸರಿ.

ಮಟ್ ದೂರದ ಸರ್ವರ್‌ನೊಡನೆ ನೇರವಾಗಿ ಮಾತನಾಡಬಲ್ಲದಾದರೂ ಸಂಪರ್ಕ ಕಡಿದರೆ ಅದರ ಕೆಲಸ ನಿಂತುಹೋಗುತ್ತದೆ. ಅದಕ್ಕಾಗಿ ಅನುಭವಿಗಳು ಅನುಸರಿಸುವ ಕ್ರಮವೆಂದರೆ ಕೆಲಸವನ್ನು ಹಂಚುವುದು: ಎಂಬಿಸಿಂಕ್ ಅಥವಾ ಆಫ್‌ಲೈನ್‌ಐಮ್ಯಾಪ್ ಎಂಬ ಬೇರೊಂದು ತಂತ್ರಾಂಶ ಸಂಪರ್ಕ ಇದ್ದಾಗ ಸರ್ವರ್‌ನ ಫೋಲ್ಡರ್‌ಗಳನ್ನೂ ಸ್ವಂತ ಗಣಕದ ಫೋಲ್ಡರ್‌ಗಳನ್ನೂ ಸರಿದೂಗಿಸುತ್ತದೆ, ಮಟ್ ಸ್ವಂತ ಗಣಕದ ಪ್ರತಿಯನ್ನು ಮಾತ್ರ ಓದುತ್ತದೆ, ಬರೆದ ಉತ್ತರಗಳು ಸರದಿಯಲ್ಲಿ ಕಾದಿದ್ದು ಸಂಪರ್ಕ ಬಂದಾಗ ಹೊರಡುತ್ತವೆ. ಹೀಗೆ ಇಳಿಸಿಕೊಂಡ ಪತ್ರಗಳನ್ನು ಇಡುವ ಬಗೆಯೂ ಮುಖ್ಯವಾದುದು. ಎಂಬಾಕ್ಸ್ ಎಂಬ ಹಳೆಯ ಪದ್ಧತಿಯಲ್ಲಿ ಒಂದು ಫೋಲ್ಡರ್‌ನ ಎಲ್ಲ ಪತ್ರಗಳೂ ಒಂದೇ ಉದ್ದನೆಯ ಕಡತದಲ್ಲಿ ಒಂದರ ಹಿಂದೆ ಒಂದರಂತೆ ಕೂತಿರುತ್ತವೆಯಾದ್ದರಿಂದ ಬರೆಯುವ ನಡುವೆ ವಿದ್ಯುತ್ ಹೋದರೆ ಇಡೀ ಕಡತವೇ ಕೆಡುವ ಅಪಾಯವಿದೆ. ಡಿ. ಜೆ. ಬರ್ನ್‌ಸ್ಟೈನ್ ರೂಪಿಸಿದ ಮೇಲ್‌ಡಿರ್ ಪದ್ಧತಿಯಲ್ಲಿ ಪ್ರತಿಯೊಂದು ಪತ್ರಕ್ಕೂ ಪ್ರತ್ಯೇಕ ಕಡತವಿರುತ್ತದೆ, ಹೊಸ ಪತ್ರ ಮೊದಲು ತಾತ್ಕಾಲಿಕ ಜಾಗದಲ್ಲಿ ಪೂರ್ತಿ ಬರೆಯಲ್ಪಟ್ಟು ಆಮೇಲೆ ಮಾತ್ರ ತನ್ನ ಸ್ಥಾನಕ್ಕೆ ಸರಿಯುತ್ತದೆ, ಹಾಗಾಗಿ ಕೆಟ್ಟರೆ ಆ ಒಂದೇ ಪತ್ರ ಕೆಡುತ್ತದೆ. ಹೇಳದೆ ಕೇಳದೆ ವಿದ್ಯುತ್ ಹೋಗುವ ಊರುಗಳಲ್ಲಿ, ಯುಪಿಎಸ್ ಇಲ್ಲದ ಕೋಣೆಗಳಲ್ಲಿ, ಎರಡನೆಯ ಪದ್ಧತಿಯನ್ನೇ ಆರಿಸಿಕೊಳ್ಳಬೇಕು ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಸರಿದೂಗಿಸುವ ಕೆಲಸದಲ್ಲಿ ಅಪಾಯವೂ ಇದೆ. 1996ರಲ್ಲಿ ಎರಿಕ್ ರೇಮಂಡ್ ಹೊರತಂದ ಫೆಚ್‌ಮೇಲ್ ಎಂಬ ಪ್ರಸಿದ್ಧ ತಂತ್ರಾಂಶ ಪತ್ರವನ್ನು ಇಳಿಸಿದ ಮೇಲೆ, ಉಳಿಸು ಎಂದು ಪ್ರತ್ಯೇಕವಾಗಿ ಹೇಳದಿದ್ದರೆ, ಸರ್ವರ್‌ನಲ್ಲಿರುವ ಪ್ರತಿಯನ್ನು ಅಳಿಸಿಬಿಡುತ್ತದೆ. ಗಣಕದ ಡಿಸ್ಕ್ ಕೆಟ್ಟ ದಿನ ಪತ್ರ ಎರಡೂ ಕಡೆ ಇಲ್ಲವಾಗುತ್ತದೆ. ಎಂಬಿಸಿಂಕ್ ಇದಕ್ಕೆ ವಿರುದ್ಧವಾಗಿ, ಅಳಿಸಲು ಹೇಳುವವರೆಗೂ ಏನನ್ನೂ ಕಾಯಂ ಆಗಿ ಅಳಿಸುವುದಿಲ್ಲ. ಪತ್ರಗಳನ್ನು ದಾಖಲೆಯಾಗಿ ನೋಡುವವರಿಗೆ ಎರಡನೆಯ ನಡೆಯೇ ಸರಿಯಾದುದು, ಮರೆವಿನಿಂದ ಆಗುವ ತಪ್ಪು ಹೆಚ್ಚು ಪ್ರತಿಗಳನ್ನು ಉಳಿಸಲಿ, ಕಡಿಮೆಯನ್ನಲ್ಲ.

ಇಷ್ಟರವರೆಗಿನ ಗುಣದೋಷಗಳು ಎಲ್ಲ ಭಾಷೆಯವರಿಗೂ ಸಮಾನ. ಕನ್ನಡದ ವಿಷಯ ಬಂದಾಗ ಮೌಲ್ಯಮಾಪನದ ಸ್ವರೂಪವೇ ಬದಲಾಗುತ್ತದೆ. ಅಕ್ಷರ ಪರದೆ ಅಥವಾ ಟರ್ಮಿನಲ್ ಎಂಬುದು ಸಮಾನ ಅಗಲದ ಚೌಕಗಳ ಜಾಲ, ಒಂದು ಚೌಕಕ್ಕೆ ಒಂದು ಅಕ್ಷರ ಎಂಬುದು ಅದರ ಮೂಲ ಕಲ್ಪನೆ. ಇಂಗ್ಲಿಷಿಗೆ ಇದು ಹೊಂದುತ್ತದೆ. ಕನ್ನಡದಲ್ಲಿ ಅಕ್ಷರವೆಂಬುದು ವ್ಯಂಜನ, ಒತ್ತು, ಸ್ವರಚಿಹ್ನೆಗಳು ಕೂಡಿ ಆಗುವ ಒಂದು ಕಟ್ಟಡ, ಅದರ ಅಗಲ ಒಂದೇ ಸಮನಾಗಿರುವುದಿಲ್ಲ, ಒತ್ತು ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲಕ್ಕೂ ಬಲಕ್ಕೂ ಚಾಚುತ್ತದೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ‘ಮಂಡ್ಯ’ ಎಂಬ ಪದ ಐದು ಸಂಕೇತಗಳಿಂದ ಆಗಿದೆ: ಮ, ಅನುಸ್ವಾರ, ಡ, ಹಲಂತಚಿಹ್ನೆ, ಯ. ಇವನ್ನು ಸೇರಿಸಿ ಡ ಅಕ್ಷರಕ್ಕೆ ಯ ಒತ್ತನ್ನು ಕೂಡಿಸಬೇಕಾದುದು ಪರದೆಯ ಕೆಲಸ. ಬಹುಪಾಲು ಟರ್ಮಿನಲ್‌ಗಳು ಆ ಕೆಲಸವನ್ನು ಮಾಡುವುದಿಲ್ಲ ಅಥವಾ ಅರೆಬರೆಯಾಗಿ ಮಾಡುತ್ತವೆಯಾದ್ದರಿಂದ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತದೆ, ಚಿಹ್ನೆಗಳು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂರುತ್ತವೆ, ಸಾಲಿನ ಕೊನೆ ಎಲ್ಲಿ ಎಂಬ ತಂತ್ರಾಂಶದ ಲೆಕ್ಕ ತಪ್ಪಿ ಪತ್ರಗಳ ಪಟ್ಟಿಯ ಅಂಕಣಗಳು ಅಡ್ಡಾದಿಡ್ಡಿಯಾಗುತ್ತವೆ. ‘ಮದ್ದೂರು’, ‘ಮಳವಳ್ಳಿ’ ಎಂಬ ಊರ ಹೆಸರುಗಳೆರಡರಲ್ಲಿಯೂ ಒತ್ತಕ್ಷರವಿರುವುದರಿಂದ ಈ ಜಿಲ್ಲೆಯವರು ತಮ್ಮ ವಿಳಾಸವನ್ನೇ ನೆಟ್ಟಗೆ ಕಾಣಲಾರರು. 1974, 1994, 2024ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳು ಮೂರು ಬಾರಿ ನಡೆದ ಮಂಡ್ಯದಲ್ಲಿ ಪತ್ರವನ್ನು ಕನ್ನಡದಲ್ಲಿ ಬರೆಯುವುದು ಸಹಜವಾದ ನಿರೀಕ್ಷೆ, ಆ ನಿರೀಕ್ಷೆಯನ್ನು ಪೂರೈಸದ ಸಾಧನವನ್ನು ಪೂರ್ಣ ಸಾಧನವೆಂದು ಕರೆಯಲಾಗದು.

ಪತ್ರ ಸಾಗುವ ದಾರಿಯಲ್ಲಿಯೂ ಕನ್ನಡ ಹೆಚ್ಚಿನ ಸುಂಕ ತೆರುತ್ತದೆ, ಆದರೆ ಅಲ್ಲಿ ತಂತ್ರಾಂಶಗಳ ನಡವಳಿಕೆ ಮೆಚ್ಚುವಂತಹುದು. ಇಮೇಲ್ ವ್ಯವಸ್ಥೆ ಮೂಲತಃ ಇಂಗ್ಲಿಷ್ ಅಕ್ಷರಗಳಿಗಾಗಿ ಹುಟ್ಟಿದ್ದರಿಂದ ಬೇರೆ ಲಿಪಿಗಳನ್ನು 1992ರಲ್ಲಿ ಬಂದ ಮೈಮ್ ಎಂಬ ನಿಯಮಾವಳಿಯ ಪ್ರಕಾರ ಇಂಗ್ಲಿಷ್ ಅಕ್ಷರಗಳ ವೇಷ ತೊಡಿಸಿ ಕಳಿಸುವುದು ವಾಡಿಕೆ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ಬೇಕು, ಅಂದರೆ ‘ಮಂಡ್ಯ’ಕ್ಕೆ 15 ಬೈಟ್. ಅದನ್ನು ಕೋಟೆಡ್-ಪ್ರಿಂಟಬಲ್ ಎಂಬ ಒಂದು ವೇಷದಲ್ಲಿ ಕಳಿಸಿದರೆ 45 ಅಕ್ಷರ, ಬೇಸ್64 ಎಂಬ ಇನ್ನೊಂದು ವೇಷದಲ್ಲಿ 20 ಅಕ್ಷರ ಆಗುತ್ತದೆ. ವಿಷಯದ ಸಾಲಿನಲ್ಲಿ ಇಂತಹ ಒಂದು ತುಂಡು 75 ಅಕ್ಷರ ಮೀರಬಾರದೆಂಬ ನಿಯಮವಿರುವುದರಿಂದ ಬೇಸ್64ರಲ್ಲಿ ಒಂದು ತುಂಡಿಗೆ ಕನ್ನಡದ ಹದಿನೈದು ಸಂಕೇತಗಳಷ್ಟೇ ಹಿಡಿಯುತ್ತವೆ, ಸಾಧಾರಣ ಉದ್ದದ ಕನ್ನಡ ಶೀರ್ಷಿಕೆಯೂ ಮೂರು ನಾಲ್ಕು ತುಂಡುಗಳಾಗಿ ಹೋಗಿ ಆಚೆ ಬದಿಯಲ್ಲಿ ಮತ್ತೆ ಜೋಡಣೆಯಾಗಬೇಕು. ಮಟ್ ಮತ್ತು ಅಲ್ಪೈನ್ ಎರಡೂ ಈ ತುಂಡು ಮಾಡುವ, ಜೋಡಿಸುವ ಕೆಲಸವನ್ನು ಬಲ್ಲವು, ಪತ್ರದ ಒಳಗಿನ ಕನ್ನಡ ಕೆಡದೆ ತಲುಪುತ್ತದೆ. ದೋಷವಿರುವುದು ಕಣ್ಣಿಗೆ ಕಾಣುವ ಕೊನೆಯ ಹಂತದಲ್ಲಿ ಮಾತ್ರ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ತಿದ್ದಬೇಕಾದುದು ಯಾವುದನ್ನು ಎಂಬುದು ಇದರಿಂದ ನಿರ್ಧಾರವಾಗುತ್ತದೆ.

ಹುಡುಕಾಟದಲ್ಲಿ ಇನ್ನೊಂದು ಸೂಕ್ಷ್ಮವಾದ ತೊಂದರೆ ಎದುರಾಗುತ್ತದೆ. ‘ಇಮೇಲ್‌ಗಳು’ ಎಂಬಂತಹ ಪದದಲ್ಲಿ ಲಕಾರಕ್ಕೆ ಗ ಒತ್ತಾಗಿ ಸೇರದಂತೆ ತಡೆಯಲು ನಡುವೆ ಕಾಣದ ಒಂದು ಸಂಕೇತವನ್ನು ಬೆರಳಚ್ಚಿಸಲಾಗುತ್ತದೆ. ಒಬ್ಬರು ಅದನ್ನು ಹಾಕಿ ಬರೆದು ಇನ್ನೊಬ್ಬರು ಹಾಕದೆ ಹುಡುಕಿದರೆ, ಬೈಟ್‌ಗೆ ಬೈಟ್ ಹೋಲಿಸುವ ಸಾಧನಗಳಿಗೆ ಅವೆರಡೂ ಬೇರೆ ಬೇರೆ ಪದಗಳು. ‘ಕೊ’ ಎಂಬ ಗುಣಿತವನ್ನು ಒಂದೇ ಚಿಹ್ನೆಯಿಂದಲೂ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು, ನೋಡಲು ಒಂದೇ, ಹುಡುಕಾಟಕ್ಕೆ ಎರಡು. ಯೂನಿಕೋಡ್‌ಗೆ ಹಿಂದಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬರೆದ ಹಳೆಯ ಪತ್ರಗಳದ್ದಂತೂ ಬೇರೆಯೇ ಸಮಸ್ಯೆ, ಆ ಶೈಲಿಗಳಲ್ಲಿ ಕನ್ನಡ ಅಕ್ಷರಗಳು ಲ್ಯಾಟಿನ್ ಅಕ್ಷರಗಳ ಸಂಕೇತಗಳನ್ನೇ ಬಳಸಿಕೊಂಡಿದ್ದರಿಂದ ಅಕ್ಷರ ಪರದೆಯಲ್ಲಿ ಅವು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿಯಾಗಿ ತೋರುತ್ತವೆ, ಪರಿವರ್ತಕದಲ್ಲಿ ಹಾಯಿಸದೆ ಓದಲಾಗುವುದಿಲ್ಲ.

ಈ ದೋಷಕ್ಕೆ ಪರಿಹಾರ ಇಲ್ಲದಿಲ್ಲ. ಎಂಎಲ್‌ಟರ್ಮ್‌ನಂತಹ ಕೆಲವು ಟರ್ಮಿನಲ್‌ಗಳು ಭಾರತೀಯ ಲಿಪಿಗಳನ್ನು ಜೋಡಿಸಿ ತೋರಿಸಲು ಶ್ರಮಿಸಿವೆ. ಅದಕ್ಕಿಂತ ಗಟ್ಟಿಯಾದ ದಾರಿ ಈಮ್ಯಾಕ್ಸ್ ಎಂಬ ಸಂಪಾದಕ ತಂತ್ರಾಂಶದ್ದು. ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ಎಂಬ ಗ್ರಂಥಾಲಯವನ್ನು 2020ರ ತನ್ನ 27ನೆಯ ಆವೃತ್ತಿಯಲ್ಲಿ ಅಳವಡಿಸಿಕೊಂಡ ಈಮ್ಯಾಕ್ಸ್, ತನ್ನದೇ ಕಿಟಕಿಯಲ್ಲಿ ತೆರೆದಾಗ ಕನ್ನಡದ ಒತ್ತು, ಗುಣಿತಗಳನ್ನು ಮುದ್ರಿತ ಪುಸ್ತಕದಲ್ಲಿ ಇರುವಂತೆಯೇ ತೋರಿಸುತ್ತದೆ. ಅದರೊಳಗೆ ನಡೆಯುವ ಗ್ನೂಸ್, ಮು4ಇ, ನಾಟ್‌ಮಚ್ ಎಂಬ ಮೇಲ್ ತಂತ್ರಾಂಶಗಳು ಮಟ್‌ನಂತೆಯೇ ಕೀಲಿಮಣೆಯಿಂದ ನಡೆಯುತ್ತವೆ, ಮೇಲ್‌ಡಿರ್ ಪ್ರತಿಯನ್ನೇ ಓದಬಲ್ಲವು, ಸಂಪರ್ಕವಿಲ್ಲದೆಯೂ ಕೆಲಸ ಮಾಡಬಲ್ಲವು. ಕಲಿಯಲು ಮಟ್‌ಗಿಂತಲೂ ಹೆಚ್ಚು ಸಮಯ ಬೇಡುವುದು ಇದರ ಕೊರತೆ, ಆದರೆ ಕನ್ನಡದಲ್ಲಿ ಬರೆಯುವವರ ಮಟ್ಟಿಗೆ ಆ ಸಮಯ ವ್ಯರ್ಥವಲ್ಲ.

ದೊಡ್ಡ ಸಂಸ್ಥೆಗಳ ಮೇಲ್ ಸೇವೆಗಳು ಈ ತಂತ್ರಾಂಶಗಳಿಗೆ ಬಾಗಿಲನ್ನು ಕಿರಿದಾಗಿಸುತ್ತಿವೆ ಎಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಜಿಮೇಲ್ 2007ರಲ್ಲಿ ಐಮ್ಯಾಪ್ ಸೌಲಭ್ಯ ನೀಡಿತಾದರೂ ಅಲ್ಲಿ ಫೋಲ್ಡರ್‌ಗಳ ಬದಲು ಲೇಬಲ್‌ಗಳಿರುವುದರಿಂದ ಮೂರು ಲೇಬಲ್ ಇರುವ ಒಂದು ಪತ್ರ ಸ್ವಂತ ಗಣಕಕ್ಕೆ ಮೂರು ನಾಲ್ಕು ಪ್ರತಿಗಳಾಗಿ ಇಳಿಯಬಹುದು, ಯಾವ ಫೋಲ್ಡರ್‌ಗಳನ್ನು ಇಳಿಸಬೇಕೆಂದು ಮೊದಲೇ ಆರಿಸಿಕೊಳ್ಳದಿದ್ದರೆ ಡಿಸ್ಕ್ ವೃಥಾ ತುಂಬುತ್ತದೆ. 2022ರ ಮೇ 30ರಿಂದ ಬರಿಯ ಪಾಸ್‌ವರ್ಡ್‌ನಿಂದ ಒಳಬರುವ ದಾರಿಯನ್ನು ಅದು ಮುಚ್ಚತೊಡಗಿದ ಮೇಲೆ, ಎರಡು ಹಂತದ ಪರಿಶೀಲನೆ ಮಾಡಿಸಿಕೊಂಡು ಪಡೆಯುವ ಪ್ರತ್ಯೇಕ ಪಾಸ್‌ವರ್ಡ್ ಅಥವಾ ಓಆತ್ ಎಂಬ ಅನುಮತಿ ಪದ್ಧತಿ ಅಗತ್ಯವಾಗಿದೆ. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ ಹೌದಾದರೂ ಹೊಸಬರಿಗೆ ಮೊದಲ ದಿನದ ಕಷ್ಟ ಹೆಚ್ಚಿತು. ಬ್ಯಾಂಕು, ವಿಮೆ ಮೊದಲಾದವುಗಳ ಪತ್ರಗಳು ಚಿತ್ರ, ಬಣ್ಣಗಳ ಎಚ್‌ಟಿಎಂಎಲ್ ರೂಪದಲ್ಲಿ ಮಾತ್ರ ಬರುವುದುಂಟು, ಅವನ್ನು ಲಿಂಕ್ಸ್‌ನಂತಹ ತಂತ್ರಾಂಶದಲ್ಲಿ ಹಾಯಿಸಿ ಪಠ್ಯವಾಗಿಸಿ ಓದಬೇಕಾಗುತ್ತದೆ. ಪತ್ರ ತೆರೆದದ್ದನ್ನು ಕಳಿಸಿದವರಿಗೆ ಗುಟ್ಟಾಗಿ ತಿಳಿಸುವ ಕಾಣದ ಚಿತ್ರಗಳು ಅಕ್ಷರ ಪರದೆಯಲ್ಲಿ ಕೆಲಸ ಮಾಡುವುದಿಲ್ಲ ಎಂಬುದು ಇದರ ಜೊತೆಗೆ ಬರುವ ಲಾಭ.

ಮೊಬೈಲನ್ನು ಬಿಡಬೇಕಾಗಿಯೂ ಇಲ್ಲ. ಐಮ್ಯಾಪ್ ಬಳಸಿದಾಗ ಸರ್ವರ್‌ನ ಪ್ರತಿ ಮೊಬೈಲಿನಲ್ಲಿಯೂ ಗಣಕದಲ್ಲಿಯೂ ಒಂದೇ ಆಗಿ ಉಳಿಯುತ್ತದೆ, ದಾರಿಯಲ್ಲಿ ಓದಿದ್ದನ್ನು ಮನೆಯಲ್ಲಿ ಉತ್ತರಿಸಬಹುದು.

ಇಂಗ್ಲಿಷಿನಲ್ಲಿ ಪತ್ರವ್ಯವಹಾರ ಮಾಡುವ ಕಚೇರಿ, ಕಾಲೇಜುಗಳಿಗೆ, ಹಳೆಯ ಪತ್ರಗಳನ್ನು ತಮ್ಮಲ್ಲಿ ಇಟ್ಟುಕೊಳ್ಳಲು ಬಯಸುವವರಿಗೆ ಅಲ್ಪೈನ್ ಇಂದೇ ಯೋಗ್ಯವಾದುದು. ದಿನವೂ ನೂರಾರು ಪತ್ರಗಳನ್ನು ವಿಂಗಡಿಸಬೇಕಾದ, ಸಂಯೋಜನಾ ಕಡತ ಬರೆಯಲು ಅಂಜದವರಿಗೆ ಎಂಬಿಸಿಂಕ್ ಜೊತೆಗಿನ ಮಟ್ ಅದಕ್ಕಿಂತ ಮೇಲು. ಕನ್ನಡದಲ್ಲಿ ಬರೆಯುವವರಿಗೆ ಈ ಎರಡೂ ಸದ್ಯಕ್ಕೆ ಅರ್ಧ ಸಾಧನಗಳು, ಅವರು ಈಮ್ಯಾಕ್ಸ್ ದಾರಿಯನ್ನು ಹಿಡಿಯುವುದೇ ಲೇಸು. ಕೊರತೆಯಿರುವುದು ಮೇಲ್ ತಂತ್ರಾಂಶಗಳಲ್ಲಲ್ಲ, ಅವು ನಡೆಯುವ ಟರ್ಮಿನಲ್‌ಗಳಲ್ಲಿ. ಆ ಟರ್ಮಿನಲ್‌ಗಳ ಬಹುಪಾಲು ಮೂಲಸಂಕೇತ ಎಲ್ಲರಿಗೂ ತೆರೆದೇ ಇದೆ, ಅಕ್ಷರ ಜೋಡಿಸುವ ಗ್ರಂಥಾಲಯವೂ ಉಚಿತವಾಗಿ ದೊರೆಯುತ್ತದೆ. ಮಂಡ್ಯದ ಪಿಇಎಸ್ ಕಾಲೇಜಿನ, ಜಿಲ್ಲೆಯ ಪಾಲಿಟೆಕ್ನಿಕ್‌ಗಳ ಗಣಕ ವಿಭಾಗಗಳ ವಿದ್ಯಾರ್ಥಿಗಳು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಟರ್ಮಿನಲ್ ಒಂದರಲ್ಲಿ ಕನ್ನಡದ ಒತ್ತಕ್ಷರಗಳನ್ನು ಸರಿಪಡಿಸುವ ಕೆಲಸವನ್ನು ಎತ್ತಿಕೊಳ್ಳಬೇಕು, ಅವರ ಅಧ್ಯಾಪಕರು ಅದಕ್ಕೆ ಅವಕಾಶ ಮಾಡಿಕೊಡಬೇಕು.